ಬಾಗಿದ ಪೈಪು ನೋಡಿ, ಆಮೇಲೆ ಬೆಲೆ ಕೇಳಿ

ಬರ್ಮಿಂಗ್‌ಹ್ಯಾಮಿನ ಒಂದು ಶೆಡ್ಡಿನಲ್ಲಿ ಮೊದಲ ಸಲ ಬಿಎಸ್‌ಎ ಗೋಲ್ಡ್ ಸ್ಟಾರ್ ಕಂಡಾಗ ನನ್ನ ಕೈ ಮುಂಗಡದ ದುಡ್ಡಿಗೆ ಹೋಗಿತ್ತು. ಮೈಸೂರಿನಲ್ಲಿ ಅಪ್ಪನ ಜಾವಾಕ್ಕೆ ಕಿಕ್ ಹೊಡೆದು ಬೆಳೆದವನು ನಾನು. ಕ್ರೋಮ್ ಟ್ಯಾಂಕಿನ ಹೊಳಪಿಗೆ ಸೋತುಹೋದೆ. ಜೊತೆಗೆ ಬಂದಿದ್ದ ಹಿರಿಯ ಮೆಕ್ಯಾನಿಕ್ ಮಾತ್ರ ಮೊಣಕಾಲೂರಿ ಎಂಜಿನ್ನಿನ ಅಡಿಗೆ ಟಾರ್ಚು ಬಿಟ್ಟರು. ಎದ್ದು ಕೈ ಒರೆಸಿಕೊಂಡು, "ಪೈಪು ನೆಟ್ಟಗಿದೆ, ನಡಿ ಹೋಗೋಣ" ಎಂದರು.

ಅಸಲಿ ಗೋಲ್ಡ್ ಸ್ಟಾರ್‌ನಲ್ಲಿ ಆಯಿಲ್ ಪಂಪಿಗೆ ಜಾಗ ಬಿಡಲು ಫ್ರೇಮಿನ ಬಲಗಡೆಯ ಕೆಳಪೈಪನ್ನು ಕೊಂಚ ಬಾಗಿಸಿರುತ್ತಾರೆ. ಅದೇ ಕಂಪನಿಯ ದಿನಬಳಕೆಯ ಬಿ31, ಬಿ33 ಬೈಕುಗಳಲ್ಲಿ ಆ ಪೈಪು ನೇರ. ಅಂಥ ಫ್ರೇಮಿಗೆ ಗೋಲ್ಡ್ ಸ್ಟಾರ್ ವೇಷ ತೊಡಿಸಿ ಮಾರುವವರು ಇದ್ದಾರೆ. ಬೆರಳಗಲದ ಆ ಬಾಗಿನ ಮೇಲೆ ಇಡೀ ಬೆಲೆ ನಿಂತಿದೆ.

ಹೆಸರು ಬಂದದ್ದು ರೇಸಿನಿಂದಲೇ. 1937ರ ಜೂನ್‌ನಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ವಾಲ್ ಹ್ಯಾಂಡ್ಲಿ ಬಿಎಸ್‌ಎ ಎಂಪೈರ್ ಸ್ಟಾರ್ ಮೇಲೆ ಗಂಟೆಗೆ 100 ಮೈಲಿ ಮೀರಿ ಸುತ್ತು ಹಾಕಿದರು. ಹಾಗೆ ಓಡಿಸಿದವರಿಗೆ ಅಲ್ಲಿ ಚಿನ್ನದ ನಕ್ಷತ್ರದ ಬಿಲ್ಲೆ ಕೊಡುತ್ತಿದ್ದರು. ಮರುವರ್ಷ ಬಂದ ಹೊಸ ಬೈಕಿಗೆ ಆ ಬಿಲ್ಲೆಯ ಹೆಸರೇ ಆಯಿತು. ಎಲ್ಲರೂ ಬಯಸುವ ಮಾದರಿ 1956ರ ಡಿಬಿಡಿ34: 499 ಸಿಸಿ, ಒಂದೇ ಸಿಲಿಂಡರು. ಅದೇ ವರ್ಷ ಐಲ್ ಆಫ್ ಮ್ಯಾನ್ ದ್ವೀಪದ ಕ್ಲಬ್‌ಮನ್ಸ್ ಟಿಟಿಯ ಜೂನಿಯರ್, ಸೀನಿಯರ್ ಎರಡೂ ರೇಸುಗಳನ್ನು ಬರ್ನಾರ್ಡ್ ಕಾಡ್ ಗೋಲ್ಡ್ ಸ್ಟಾರ್ ಮೇಲೆಯೇ ಗೆದ್ದರು.

ರೇಸಿನ ಗುಣ ಪೇಟೆ ರಸ್ತೆಯಲ್ಲಿ ಬೆವರಿಳಿಸುತ್ತದೆ, ಕೊಳ್ಳುವವರು ತಿಳಿದಿರಬೇಕು. ಕ್ಲೋಸ್ ರೇಶಿಯೊ ಗೇರ್‌ಬಾಕ್ಸಿನ ಮೊದಲ ಗೇರಿನಲ್ಲೇ 90 ಕಿಲೋಮೀಟರ್ ದಾಟಬಹುದು; ಹಾಗಾಗಿ ಸಿಗ್ನಲ್ ಬಿಟ್ಟಾಗಲೆಲ್ಲ ಅರ್ಧ ಕ್ಲಚ್ಚಿನಲ್ಲೇ ಎಳೆಯಬೇಕು. ರೇಸಿಗೆಂದು ಮಾಡಿದ ಅಮಾಲ್ ಜಿಪಿ ಕಾರ್ಬುರೇಟರ್ ಸರಿಯಾಗಿ ಐಡ್ಲಿಂಗ್ ಆಗುವುದಿಲ್ಲ, ಆಕ್ಸಿಲರೇಟರ್ ಬಿಟ್ಟರೆ ಆಫ್. ಗೇರು ಬಲಗಾಲಿಗೆ, ನಮ್ಮ ಹಳೇ ಬುಲೆಟ್ಟಿನ ಹಾಗೆ.

ನಂಬರಿನ ವಿಷಯದಲ್ಲಿ ಹೊಸಬರು ಎಡವುತ್ತಾರೆ. ಎಂಜಿನ್ ಮತ್ತು ಫ್ರೇಮಿಗೆ ಕಾರ್ಖಾನೆಯೇ ಬೇರೆ ಬೇರೆ ನಂಬರು ಹೊಡೆಯುತ್ತಿತ್ತು. ಎರಡೂ ಒಂದೇ ಆಗಿಲ್ಲವೆಂದು ಒಳ್ಳೆಯ ಬೈಕು ಬಿಟ್ಟುಬರಬೇಡಿ. ಯಾವ ಎಂಜಿನ್ ಯಾವ ಫ್ರೇಮಿನೊಂದಿಗೆ ಹೊರಟಿತೆಂದು ಕಾರ್ಖಾನೆಯ ರವಾನೆ ಪುಸ್ತಕ ಹೇಳುತ್ತದೆ. ಅದರ ನಕಲು ಕೈಗೆ ಬರುವ ತನಕ ದುಡ್ಡು ಕೊಡಬೇಡಿ.

ನನ್ನದು ಸಿಕ್ಕಿದ್ದು ಎರಡು ವರ್ಷ ಬಿಟ್ಟು. ಬಣ್ಣ ಕಿತ್ತಿತ್ತು, ಸೀಟು ಹರಿದಿತ್ತು. ನಾನೇ ನೆಲಕ್ಕೆ ಕೂತು ಕೈಯಾಡಿಸಿದೆ. ಎಣ್ಣೆ ಜಿಡ್ಡಿನಡಿ ಪೈಪು ಒಳಕ್ಕೆ ಬಾಗಿತ್ತು. ಕಾರ್ಬುರೇಟರ್ ತುಂಬಿಸಿ, ಪಿಸ್ಟನ್ ಮೇಲಕ್ಕೆ ತಂದು, ಡಿಕಂಪ್ರೆಸರ್ ಹಿಡಿದು ತುಸು ದಾಟಿಸಿ, ಮೈಭಾರ ಹಾಕಿ ಕಿಕ್ ಹೊಡೆದೆ. ಐದನೆಯದಕ್ಕೆ ಹಿಡಿಯಿತು. ಆಕ್ಸಿಲರೇಟರ್ ಇಳಿಸಿದಾಗ ಸೈಲೆನ್ಸರಿನಿಂದ ಹಕ್ಕಿ ಚಿಲಿಪಿಲಿಗುಟ್ಟಿದಂಥ ಸದ್ದು ಬಂತು. ಮೆಕ್ಯಾನಿಕ್ ನನ್ನ ಬೆನ್ನು ತಟ್ಟಿದರು.