ಚಿನ್ನದ ಗಣಿ ಮುಚ್ಚಿದ ಮೇಲೆ

ಅನುಗೊಂಡನಹಳ್ಳಿ ಹೋಬಳಿಯ ದೇವನಗೊಂದಿ ನಿಲ್ದಾಣದ ಮೂಲಕ ಬೆಂಗಳೂರಿಗೆ ಹೋಗುವ ಮಾರಿಕುಪ್ಪಂ ರೈಲಿನಲ್ಲಿ ಕೋಲಾರ ಚಿನ್ನದ ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಅನೇಕರಿರುತ್ತಾರೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಬಹಳ ಮಂದಿಗೆ ಅನ್ನದ ದಾರಿ ಈ ಹಳಿಯೇ.

1880ರಲ್ಲಿ ಬಂದ ಜಾನ್ ಟೇಲರ್ ಕಂಪನಿ ಬ್ರಿಟನ್ನಿನ ತಾಮ್ರ, ಸೀಸದ ಗಣಿಗಳಲ್ಲಿ ಪಳಗಿದ್ದು. ಸೀಸಕ್ಕೆ ಚಿನ್ನದ ಪರೀಕ್ಷೆಯಲ್ಲೂ ಕೆಲಸವುಂಟು. ಅದಿರಿನ ಪುಡಿಯನ್ನು ಸೀಸದ ಆಕ್ಸೈಡಿನೊಡನೆ ಕರಗಿಸಿದರೆ ಸೀಸವು ಚಿನ್ನವನ್ನು ಸೆಳೆದುಕೊಂಡು ತಳಕ್ಕಿಳಿಯುತ್ತದೆ. ಅದನ್ನು ಮೂಳೆಬೂದಿಯ ಬಟ್ಟಲಿನಲ್ಲಿ ಕಾಯಿಸಿದಾಗ ಸೀಸವನ್ನು ಬಟ್ಟಲೇ ಹೀರಿ, ಪುಟ್ಟದೊಂದು ಮಣಿ ಉಳಿಯುತ್ತದೆ. ಅಷ್ಟು ಚಿನ್ನಕ್ಕಾಗಿ ಮನುಷ್ಯರು ಮೂರು ಕಿಲೋಮೀಟರಿಗೂ ಕೆಳಗೆ ಇಳಿದರು! ಚಾಂಪಿಯನ್ ರೀಫ್‌ನ ತಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಒತ್ತಡಕ್ಕೆ ಬಂಡೆ ಸಿಡಿದು ಎಷ್ಟೋ ಜೀವ ಹೋದವು. ಅದೇ ಗಣಿಯ 2.3 ಕಿಲೋಮೀಟರ್ ಆಳದಲ್ಲಿ 1965ರಲ್ಲಿ ವಿಜ್ಞಾನಿಗಳು ವಾಯುಮಂಡಲದ ನ್ಯೂಟ್ರಿನೋಗಳನ್ನು ಪತ್ತೆಹಚ್ಚಿದರು. ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಈಗ ಸುರಂಗಗಳಲ್ಲಿ ನೀರು ತುಂಬಿದೆ. ಮೇಲೆ ಸೈನೈಡ್ ದಿಬ್ಬಗಳ ದೂಳು ಗಾಳಿಗೆ ಮನೆಗಳತ್ತ ಹಾರುತ್ತದೆ. ಕೆಳಗೆ ದುಡಿದ ಕೊನೆಯ ತಲೆಮಾರಿಗೂ ವಯಸ್ಸಾಗಿದೆ. ಅವರ ಮಾತನ್ನು ಹಿಡಿದಿಡಲು ಮೊಮ್ಮಗನ ಕೈಯಲ್ಲಿರುವ ಮೊಬೈಲೇ ಸಾಕು.