ಹೊಸ ಟ್ರ್ಯಾಕ್ಟರಿನ ವಾರಂಟಿ: ಸಾಕಾಗುವುದೆ? ಸಲ್ಲುವುದೆ?



2025ನೆಯ ಸಪ್ಟಂಬರ 22ರಿಂದ ಟ್ರ್ಯಾಕ್ಟರಿನ ಮೇಲಿನ ಜಿ.ಎಸ್.ಟಿ. ತೆರಿಗೆಯು ಶೇಕಡಾ 12ರಿಂದ 5ಕ್ಕೆ ಇಳಿಯಿತು. ಬೆಲೆ ಇಳಿದಾಗ ಕೊಳ್ಳುವ ಮನಸ್ಸಾಗುವುದು ಸಹಜ. ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ನಮ್ಮ ಒಕ್ಕಲಿಗರಲ್ಲಿಯೂ ಹೊಸ ಟ್ರ್ಯಾಕ್ಟರು ತರುವ ಮಾತು ನಡೆದಿದೆ. ಬೆಲೆಗೆ ಎಲ್ಲರೂ ಚೌಕಾಶಿ ಮಾಡುತ್ತಾರೆ. ಬಡ್ಡಿಯ ದರವನ್ನೂ ವಿಚಾರಿಸುತ್ತಾರೆ. ಆದರೆ ವಾರಂಟಿಯ ಕಾಗದವನ್ನು ಓದಿಸಿ ಕೇಳುವವರು ಕಡಿಮೆ. ಆ ಕಾಗದದ ಬಗ್ಗೆ ಈ ವಾರ ನಾಲ್ಕು ಮಾತು ಬರೆಯುತ್ತೇವೆ.

ನಿಲಂಗಾ ತಾಲೂಕಿನ ಒಕ್ಕಲಿಗರೊಬ್ಬರು ನಮ್ಮಲ್ಲಿಗೆ ಬಂದು ತಮ್ಮ ಫಜೀತಿಯನ್ನು ಹೇಳಿಕೊಂಡರು. ಗಡಿಯಾಚೆ, ಬೀದರ ಜಿಲ್ಲೆಯಲ್ಲಿ, ಸಂಬಂಧಿಕರ ಪರಿಚಯದ ಅಂಗಡಿಯಿಂದ ಅವರು ಟ್ರ್ಯಾಕ್ಟರು ತಂದಿದ್ದರು. ಎರಡನೆಯ ವರ್ಷದ ಮಿರಗದ ಮಳೆ ಬಿದ್ದು ಬಿತ್ತನೆಗೆ ಹದವಾದಾಗ ಹೈಡ್ರಾಲಿಕ್ ಪಂಪು ಕೆಟ್ಟಿತು, ಕೂರಿಗೆ ಮೇಲೇಳಲಿಲ್ಲ. ಹತ್ತಿರದ ವ್ಯಾಪಾರಿಯು, "ಕೊಂಡಲ್ಲಿಯೇ ಒಯ್ಯಿರಿ" ಎಂದನು. ಕೊಂಡಲ್ಲಿಗೆ ಹೋದರೆ, "ಮೂರನೆಯ ಸರ್ವಿಸು ಮಾಡಿಸಿಲ್ಲ, ವಾರಂಟಿ ನಡೆಯುವುದಿಲ್ಲ" ಎಂಬ ಉತ್ತರ. ಹದಿನೈದು ದಿನ ಹೀಗೆ ಕಳೆದವು. ಸೋಯಾಬೀನಿನ ಬಿತ್ತನೆಯನ್ನು ಬಾಡಿಗೆಯ ಟ್ರ್ಯಾಕ್ಟರಿನಿಂದ ಮಾಡಿಸಬೇಕಾಯಿತು. "ಕಾಗದ ನಮ್ಮ ಕೈಯಾಗ ಅದರೀ, ಕೆಲಸ ಯಾಕ ಆಗವಲ್ದು?" ಎಂದು ಅವರು ಕೇಳಿದರು.

ಈ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ವಾರಂಟಿಯ ಅವಧಿ ಸಾಕೆ? ಇದ್ದಷ್ಟಾದರೂ ಸರಿಯಾಗಿ ಸಲ್ಲುತ್ತದೆಯೆ?

ಮೊದಲು ಅವಧಿಯ ಮಾತು. ಕಾರಿನ ವಾರಂಟಿಯನ್ನು ವರ್ಷ ಮತ್ತು ಕಿಲೋಮೀಟರುಗಳಲ್ಲಿ ಎಣಿಸುತ್ತಾರೆ. ಮಾರುತಿ ಸುಝುಕಿ ಕಂಪನಿಯು 2024ನೆಯ ಜುಲೈಯಲ್ಲಿ ತನ್ನ ಕಾರುಗಳ ವಾರಂಟಿಯನ್ನು 2 ವರ್ಷ ಅಥವಾ 40,000 ಕಿಲೋಮೀಟರಿನಿಂದ 3 ವರ್ಷ ಅಥವಾ 1,00,000 ಕಿಲೋಮೀಟರಿಗೆ ಏರಿಸಿತು. ಟ್ರ್ಯಾಕ್ಟರಿಗೆ ವರ್ಷದ ಜೊತೆಗೆ ತಾಸಿನ ಲೆಕ್ಕವಿರುತ್ತದೆ. ಎರಡರಲ್ಲಿ ಯಾವುದು ಮೊದಲು ಮುಗಿಯುವುದೋ ಅಲ್ಲಿಗೆ ವಾರಂಟಿ ಮುಗಿಯಿತು.

ಕಾಗದದಲ್ಲಿ 2 ವರ್ಷ ಅಥವಾ 2,000 ತಾಸು ಎಂದಿದೆಯೆಂದು ತಿಳಿಯೋಣ. ಸ್ವಂತ ಹೊಲಕ್ಕಷ್ಟೇ ಬಳಸಿ ವರ್ಷಕ್ಕೆ 300 ತಾಸು ಓಡಿಸುವವನಿಗೆ ವರ್ಷಗಳು ಮೊದಲು ತೀರುತ್ತವೆ. ಆಗ 600 ತಾಸು ಮಾತ್ರ ಓಡಿರುತ್ತದೆ. ಬಾಡಿಗೆಗೆ ದಿನಕ್ಕೆ 8 ತಾಸಿನಂತೆ ವರ್ಷದಲ್ಲಿ 150 ದಿನ ಓಡಿಸುವವನಿಗೆ 1,200 ತಾಸು ಆಗುತ್ತದೆ. ಅವನ ವಾರಂಟಿ ಇಪ್ಪತ್ತು ತಿಂಗಳಿಗೇ ತೀರಿತು. ಬ್ಯಾಂಕಿನ ಕಂತು ಮಾತ್ರ ಐದು-ಏಳು ವರ್ಷ ಇಬ್ಬರನ್ನೂ ಬಿಡದು. ಆದುದರಿಂದ ಎರಡು ವರ್ಷದ ವಾರಂಟಿ ಸಾಲದೆಂದೇ ನಮ್ಮ ಅಭಿಪ್ರಾಯ.

ಈಗ ಉದ್ದ ವಾರಂಟಿಗಳೂ ಬಂದಿವೆ. ಮಹೀಂದ್ರ ಕಂಪನಿಯು ತನ್ನ ಎಕ್ಸ್‌ಪಿ ಪ್ಲಸ್ ಟ್ರ್ಯಾಕ್ಟರುಗಳಿಗೆ 6 ವರ್ಷವೆಂದು ಸಾರಿತು. ಆದರೆ ಅದರಲ್ಲಿ ಇಡೀ ಯಂತ್ರಕ್ಕೆ 2 ವರ್ಷ, ಉಳಿದ 4 ವರ್ಷ ಇಂಜಿನು ಮತ್ತು ಗೇರುಪೆಟ್ಟಿಗೆಯ ಭಾಗಕ್ಕೆ. ಇದು ಒಳ್ಳೆಯದೇ. ಆದರೆ ಯಾವ ಕಂಪನಿಯೇ ಇರಲಿ, ಹೈಡ್ರಾಲಿಕ್ ಪಂಪು ಯಾವ ಪಾಲಿಗೆ ಸೇರಿದೆ ಎಂದು ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕು. ಕ್ಲಚ್ ಪ್ಲೇಟು, ಬ್ರೇಕು ಲೈನರು, ಫಿಲ್ಟರು, ಬಲ್ಬುಗಳಂಥ ಸವೆಯುವ ಸಾಮಾನು ಸಾಮಾನ್ಯವಾಗಿ ವಾರಂಟಿಯಲ್ಲಿ ಬರುವುದಿಲ್ಲ. ಟೈರು, ಬ್ಯಾಟರಿಗಳಿಗೆ ಅವುಗಳನ್ನು ತಯಾರಿಸಿದವರ ವಾರಂಟಿ ಬೇರೆ ಇರುತ್ತದೆ. ಆ ಕಾರ್ಡುಗಳನ್ನೂ ಅಂದೇ ಇಸಿದುಕೊಳ್ಳಬೇಕು.

ಇನ್ನು ಎರಡನೆಯ ಪ್ರಶ್ನೆ. ವ್ಯಾಪಾರಿಯು ಮೊದಲು ಹಿಂಜರಿಯುವುದೇಕೆ? ಕೆಟ್ಟ ಭಾಗವನ್ನು ಬದಲಿಸಿ ಅವನು ಕಂಪನಿಗೆ ಲೆಕ್ಕ ಕಳಿಸಬೇಕು. ಸರ್ವಿಸಿನ ದಾಖಲೆ ಇಲ್ಲ, ಬೇರೆ ಎಣ್ಣೆ ಹಾಕಿದ್ದಾರೆ ಎಂದು ಕಂಪನಿಯು ಲೆಕ್ಕವನ್ನು ತಳ್ಳಿಹಾಕಿದರೆ ಹಣ ಅವನ ಕೈಬಿಡುತ್ತದೆ. ಆದಕಾರಣ ಅವನು ಮೊದಲು ನಮ್ಮ ತಪ್ಪನ್ನು ಹುಡುಕುತ್ತಾನೆ. ನಮ್ಮ ತಪ್ಪೂ ಇಲ್ಲವೆಂದಲ್ಲ. ಸರ್ವಿಸಿನ ಕೂಪನ್ನು ಮಾಡದ ಗೂಡಿನಲ್ಲಿ ಉಳಿಯುತ್ತದೆ. ಕಬ್ಬಿನ ಎರಡು ಟ್ರೇಲರನ್ನು ಒಟ್ಟಿಗೆ ಕಟ್ಟುತ್ತೇವೆ. ಊರ ಫಿಟರನಿಂದ ಇಂಜಿನು ಬಿಚ್ಚಿಸುತ್ತೇವೆ. ಆದರೆ ಇವೆಲ್ಲ ಇಲ್ಲದಾಗಲೂ ಬಾಯಿಮಾತಿನಲ್ಲಿ ಕೈಯಾಡಿಸಿ ಕಳಿಸುವುದು ಅನ್ಯಾಯ. ಅದಕ್ಕೆ ಉಪಾಯ ಹೀಗಿದೆ.

ಒಂದು: ಟ್ರ್ಯಾಕ್ಟರು ಕೈಸೇರಿದ ತಾರೀಖು, ಇಂಜಿನು ನಂಬರು, ಚಾಸಿ ನಂಬರು ಕಾರ್ಡಿನಲ್ಲಿ ಸರಿಯಾಗಿವೆಯೆ ಎಂದು ನೋಡಿ, ಅಂಗಡಿಯ ಶಿಕ್ಕೆ ಹಾಕಿಸಬೇಕು.

ಎರಡು: ಪ್ರತಿ ಸರ್ವಿಸನ್ನೂ ಹೇಳಿದ ತಾಸಿಗೆ ಮಾಡಿಸಿ, ಎಣ್ಣೆಯ ಬಿಲ್ಲನ್ನು ಇಡಬೇಕು. ತಾಸು ತೋರಿಸುವ ಮೀಟರು ಕೆಟ್ಟರೆ ಅಂದೇ ಬರೆಯಿಸಬೇಕು.

ಮೂರು: ದುರಸ್ತಿಗೆ ಬಿಟ್ಟಾಗ ಜಾಬ್ ಕಾರ್ಡು ಇಸಿದುಕೊಳ್ಳಬೇಕು. ಅದರಲ್ಲಿ ಬಿಟ್ಟ ದಿನ, ಮೀಟರಿನ ತಾಸು, ನೀವು ಹೇಳಿದ ದೋಷ ಇವು ಇರಬೇಕು. ಮರಳಿ ಕೊಟ್ಟ ದಿನವನ್ನೂ ಬರೆಯಿಸಬೇಕು.

ನಾಲ್ಕು: ವಾರಂಟಿ ನಡೆಯದೆಂದರೆ, "ಕಾರಣ ಬರೆದು ಕೊಡಿರಿ" ಎನ್ನಬೇಕು. ಬರೆದು ಕೊಡದಿದ್ದರೆ ನೀವೇ ಸ್ಪೀಡ್ ಪೋಸ್ಟಿನಿಂದ ವ್ಯಾಪಾರಿಗೂ ಕಂಪನಿಗೂ ಪತ್ರ ಹಾಕಬೇಕು.

ಇಷ್ಟಾದರೂ ಕೆಲಸವಾಗದಿದ್ದರೆ 1915 ಎಂಬ ನಂಬರಿಗೆ ಫೋನು ಮಾಡಬಹುದು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಕನ್ನಡದಲ್ಲಿಯೂ ದೂರು ಹೇಳಬಹುದು. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ.

ಇಲ್ಲಿ ಗಡಿಯ ನಮ್ಮವರು ಮುಖ್ಯವಾಗಿ ತಿಳಿಯಬೇಕಾದ ಮಾತೊಂದಿದೆ. ನಿಲಂಗಾ, ಉದಗೀರಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿಯೇ ಇದ್ದವು. ಜಿಲ್ಲೆ ಬೇರೆಯಾದರೂ ಬೀಗತನ, ಸಂತೆ, ವ್ಯಾಪಾರ ಬಿಟ್ಟುಹೋಗಿಲ್ಲ. ಉಮರ್ಗಾದವರಿಗೂ ಬಸವಕಲ್ಯಾಣ, ಹುಮನಾಬಾದಗಳು ಹೆದ್ದಾರಿಯ ನೆರೆಯೂರುಗಳು. ಆಚೆ ಕೊಂಡರೆ ದೂರಿಗೂ ಆಚೆಗೇ ಅಲೆಯಬೇಕೆಂದು ಅನೇಕರ ಭಾವನೆ. 2020ನೆಯ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕ ರಕ್ಷಣೆ ಕಾಯದೆಯ (2019ರ ಕಾಯದೆ) 34ನೆಯ ಕಲಮಿನಂತೆ ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ನಿಲಂಗಾ, ಉದಗೀರದವರಿಗೆ ಲಾತೂರು, ಉಮರ್ಗಾದವರಿಗೆ ಧಾರಾಶಿವ ಸಾಕು.

ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಫೀ ಇಲ್ಲ. 5ರಿಂದ 10 ಲಕ್ಷದವರೆಗೆ 200 ರೂಪಾಯಿ. ದೂರಿನ ಕಾರಣ ಹುಟ್ಟಿದ 2 ವರ್ಷದೊಳಗೆ ದಾಖಲಾಗಬೇಕು. ಭಾಗದ ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ತೀರ್ಮಾನ ಮಾಡಲು ಯತ್ನಿಸಬೇಕೆಂದು ಕಾಯದೆ ಹೇಳುತ್ತದೆ, ನಡೆಯುವಾಗ ತಡವಾಗುವುದುಂಟು. "ನೀವು ಬಾಡಿಗೆಗೆ ಓಡಿಸುತ್ತೀರಿ, ಗ್ರಾಹಕರಲ್ಲ" ಎಂದು ಎದುರಿನವರು ವಾದಿಸಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಬಳಸುವವನು ಗ್ರಾಹಕನೇ ಎಂದು ಅದೇ ಕಾಯದೆಯಲ್ಲಿದೆ.

ಆದರೆ ವಾರಂಟಿಯು ಎಷ್ಟು ವರ್ಷ ಇರಬೇಕೆಂದು ಆ ಕಾಯದೆ ಗೊತ್ತುಪಡಿಸಿಲ್ಲ. ಯುರೋಪ ಒಕ್ಕೂಟದಲ್ಲಿ ಗ್ರಾಹಕರು ಕೊಳ್ಳುವ ಹೊಸ ಸಾಮಾನಿಗೆ ಕನಿಷ್ಠ 2 ವರ್ಷದ ಹೊಣೆಯನ್ನು ಕಾಯದೆಯೇ ಹೊರಿಸಿದೆ. ಆ ಅವಧಿಯಲ್ಲಿ ದುರಸ್ತಿ ಮಾಡಿಸಿಕೊಂಡರೆ ಇನ್ನೊಂದು ವರ್ಷ ಕೂಡಿಸಬೇಕೆಂದು 2024ರಲ್ಲಿ ನಿಯಮ ಮಾಡಿದರು. ನಮ್ಮಲ್ಲಿ ಟ್ರ್ಯಾಕ್ಟರು ದುರಸ್ತಿಗೆ ನಿಂತ ದಿನಗಳನ್ನಾದರೂ ವಾರಂಟಿಗೆ ಕೂಡಿಸಿ ಕೊಡಬೇಕು. ಬಿತ್ತನೆಯ ಕಾಲದಲ್ಲಿ ಮೂರು ದಿನದೊಳಗೆ ರಿಪೇರಿ ಆಗದಿದ್ದರೆ ಬದಲಿ ಟ್ರ್ಯಾಕ್ಟರು ಕೊಡಬೇಕು. ಹದ ತಪ್ಪಿದ ಬಿತ್ತನೆಯ ನಷ್ಟವನ್ನು ಹೊಸ ಪಂಪು ತುಂಬಿಕೊಡದು. ರೈತ ಸಂಘಟನೆಗಳು ಈ ಎರಡು ಬೇಡಿಕೆಗಳನ್ನು ಕಂಪನಿಗಳ ಮುಂದೆಯೂ ಸರಕಾರದ ಮುಂದೆಯೂ ಇಡಬೇಕೆಂದು ನಾವು ಸೂಚಿಸುತ್ತೇವೆ.

ಅಲ್ಲಿಯವರೆಗೆ, ಮಿರಗದ ಮೊದಲೇ ಒಂದು ಸಂಜೆ ಆ ಕಾಗದವನ್ನು ತೆಗೆಯಿರಿ. ಇಂಗ್ಲಿಷಿನಲ್ಲಿದ್ದರೆ ಕಲಿತ ಮಗ ಇಲ್ಲವೆ ಮಗಳಿಂದ ಓದಿಸಿ, ಕನ್ನಡದಲ್ಲಿ ಹೇಳಿಸಿಕೊಳ್ಳಿರಿ. ತಾಸು ಎಷ್ಟು ಉಳಿದಿದೆ, ಮುಂದಿನ ಸರ್ವಿಸು ಯಾವಾಗ ಎಂಬುದನ್ನು ಬರೆದಿಡಿರಿ. ಈಗಾಗಲೇ ಸಣ್ಣ ದೋಷವೇನಾದರೂ ಕಂಡಿದ್ದರೆ, ಅವಧಿ ಇರುವಾಗಲೇ ಹೋಗಿ ಜಾಬ್ ಕಾರ್ಡಿನ ಮೇಲೆ ಬರೆಯಿಸಿ ಬನ್ನಿರಿ.