ಮುಂಬಯಿಯ ಪ್ರೌಢಶಾಲೆಗಳಲ್ಲಿ ಕನ್ನಡದ ಸ್ಥಾನ

ಹೊರನಾಡಿನಲ್ಲಿ ನೆಲೆಸಿದ ಜನರ ಭಾಷೆ ಉಳಿಯುವುದು ಮನೆಯಲ್ಲಿ ಎಂಬುದು ಸಾಮಾನ್ಯವಾದ ನಂಬುಗೆ. ತಾಯಿ ಆಡುವ ನುಡಿಯನ್ನು ಮಗು ಕಲಿಯುತ್ತದೆ, ಶಾಲೆ ಅದಕ್ಕೆ ಓದುಬರಹವನ್ನು ಸೇರಿಸುತ್ತದೆ ಎಂಬುದು ಅದರ ತಾತ್ಪರ್ಯ. ಮುಂಬಯಿಯ ಕನ್ನಡಿಗರ ಮಟ್ಟಿಗೆ ಈ ಮಾತು ಅರ್ಧ ಮಾತ್ರ ನಿಜ. ಕಲಬುರಗಿ, ವಿಜಯಪುರಗಳ ಕಡೆಯಿಂದ ದುಡಿಮೆಗಾಗಿ ಬಂದ ಅನೇಕ ಕುಟುಂಬಗಳಲ್ಲಿ ಕನ್ನಡವೇ ಮನೆಮಾತು. ಆದರೆ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಿಂದ ಬಂದು ಈ ನಗರದ ಕನ್ನಡ ಸಂಘಸಂಸ್ಥೆಗಳಿಗೆ ಆಧಾರವಾಗಿ ನಿಂತ ಬಹುಮಂದಿಯ ಮನೆಮಾತು ತುಳು ಅಥವಾ ಕೊಂಕಣಿ. ಅವರಿಗೆ ಕನ್ನಡ ದೊರೆತದ್ದು ಊರಿನ ಶಾಲೆಯಲ್ಲಿ, ಯಕ್ಷಗಾನದ ರಂಗಸ್ಥಳದಲ್ಲಿ, ಪತ್ರಿಕೆಯ ಪುಟದಲ್ಲಿ. ಅವರ ಮಕ್ಕಳಿಗೆ ಮುಂಬಯಿಯ ಶಾಲೆ ಕನ್ನಡವನ್ನು ಕಲಿಸದಿದ್ದರೆ ಮನೆ ಅದನ್ನು ಕಲಿಸಲಾರದು. ಆದುದರಿಂದ ಈ ನಗರದಲ್ಲಿ ಕನ್ನಡವು ಬಹುಮಟ್ಟಿಗೆ ಶಾಲೆಯ ಭಾಷೆ. ಅದರ ಅಳಿವು ಉಳಿವುಗಳು ಶಾಲೆಯ ವೇಳಾಪಟ್ಟಿಯನ್ನು ಅವಲಂಬಿಸಿವೆ.

ಜನಗಣತಿಯ ಕ್ರಮವೂ ಇಲ್ಲಿ ಒಂದು ತೊಡಕನ್ನು ಉಂಟುಮಾಡುತ್ತದೆ. ಗಣತಿಯಲ್ಲಿ ತುಳು ಬೇರೆ ಭಾಷೆ, ಕೊಂಕಣಿ ಬೇರೆ ಭಾಷೆ. ಹಾಗೆ ಎಣಿಸುವುದು ನ್ಯಾಯವೂ ಹೌದು. ಆದರೆ ಕನ್ನಡ ಶಿಕ್ಷಣದ ಅಗತ್ಯವುಳ್ಳವರ ಸಂಖ್ಯೆಯನ್ನು ಮಾತೃಭಾಷೆಯ ಅಂಕಣವೊಂದರಿಂದಲೇ ಅಳೆಯಹೊರಟರೆ, ಕನ್ನಡವನ್ನು ತಮ್ಮ ವಿದ್ಯೆಯ ಭಾಷೆಯೆಂದು ಭಾವಿಸಿರುವ ಸಾವಿರಾರು ಕುಟುಂಬಗಳು ಲೆಕ್ಕದಿಂದ ಹೊರಗುಳಿಯುತ್ತವೆ. ಶಿಕ್ಷಣದ ನೀತಿ ಸಂಖ್ಯೆಯ ಮೇಲೆ ನಿಂತಿರುವಾಗ ಇದು ಸಣ್ಣ ವಿಷಯವಲ್ಲ.

ಮುಂಬಯಿಯ ಸಾರ್ವಜನಿಕ ಶಿಕ್ಷಣದ ಮೂಲವಿನ್ಯಾಸವನ್ನು 1888ರ ಮುನಿಸಿಪಲ್ ಕಾರ್ಪೊರೇಶನ್ ಕಾನೂನಿನಲ್ಲಿ ನೋಡಬಹುದು. ಆ ಕಾನೂನು ಪಾಲಿಕೆಯ ಕೆಲಸಗಳನ್ನು ಎರಡು ವರ್ಗಗಳಾಗಿ ವಿಂಗಡಿಸುತ್ತದೆ: ಮಾಡಲೇಬೇಕಾದ ಕರ್ತವ್ಯಗಳು ಮತ್ತು ಮನಸ್ಸಿದ್ದರೆ ಮಾಡಬಹುದಾದ ಕಾರ್ಯಗಳು. ಪ್ರಾಥಮಿಕ ಶಿಕ್ಷಣ ಮೊದಲನೆಯ ವರ್ಗಕ್ಕೆ ಸೇರಿದೆ. ಅದರ ಮೇಲಿನ ಶಿಕ್ಷಣ ಎರಡನೆಯದಕ್ಕೆ. ಪಾಲಿಕೆ ಮರಾಠಿ, ಹಿಂದಿ, ಉರ್ದು, ಗುಜರಾತಿ, ತಮಿಳು, ತೆಲುಗು, ಕನ್ನಡ, ಇಂಗ್ಲಿಷ್ ಎಂಬ ಎಂಟು ಭಾಷೆಗಳ ಮಾಧ್ಯಮದಲ್ಲಿ ಶಾಲೆಗಳನ್ನು ನಡೆಸಿಕೊಂಡು ಬಂದಿರುವುದು ಈ ದೇಶದ ನಗರಾಡಳಿತಗಳಲ್ಲಿ ಗಮನಾರ್ಹವಾದ ಸಾಧನೆ. ಆದರೆ ಈ ಉದಾರತೆ ಪ್ರಾಥಮಿಕ ಹಂತದಲ್ಲಿ ಕರ್ತವ್ಯವಾಗಿದ್ದು, ಪ್ರೌಢಶಾಲೆಯ ಬಾಗಿಲಲ್ಲಿ ಐಚ್ಛಿಕವಾಗಿ ಮಾರ್ಪಡುತ್ತದೆ. ಏಳನೆಯ ಇಯತ್ತೆಯವರೆಗೆ ಕನ್ನಡದಲ್ಲಿ ಗಣಿತವನ್ನೂ ಭೂಗೋಲವನ್ನೂ ಕಲಿತ ಬಾಲಕಿ, ಹತ್ತಿರದಲ್ಲಿ ಕನ್ನಡ ಪ್ರೌಢಶಾಲೆ ಇಲ್ಲದಿದ್ದರೆ, ಎಂಟನೆಯ ಇಯತ್ತೆಯಲ್ಲಿ ಒಮ್ಮೆಲೇ ಬೇರೆ ಭಾಷೆಯಲ್ಲಿ ಅವುಗಳನ್ನು ಕಲಿಯಬೇಕು, ಇಲ್ಲವೆ ಶಾಲೆಯನ್ನು ಬಿಡಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆ ಎಂಟನೆಯ ಇಯತ್ತೆಯನ್ನೂ ಕಡ್ಡಾಯ ಶಿಕ್ಷಣದೊಳಕ್ಕೆ ತಂದಿತು. ಅದರಿಂದ ಕಂದಕ ಒಂದು ವರ್ಷ ಮುಂದಕ್ಕೆ ಸರಿಯಿತೇ ಹೊರತು ಮುಚ್ಚಿಹೋಗಲಿಲ್ಲ. ತಂದೆತಾಯಿಗಳು ಈ ಕಂದಕವನ್ನು ಮೊದಲೇ ಕಾಣುತ್ತಾರೆ. ಮುಂದೆ ದಾರಿಯಿಲ್ಲವೆಂದು ತಿಳಿದವರು ಮಗುವನ್ನು ಒಂದನೆಯ ಇಯತ್ತೆಗೇ ಬೇರೆ ಮಾಧ್ಯಮಕ್ಕೆ ಸೇರಿಸುತ್ತಾರೆ. ಹೀಗೆ ಪ್ರೌಢಶಾಲೆಯ ಕೊರತೆ ಪ್ರಾಥಮಿಕ ಶಾಲೆಯನ್ನು ಬುಡದಲ್ಲಿ ಬತ್ತಿಸುತ್ತದೆ.

ಸಂವಿಧಾನದ ರಕ್ಷಣೆಯೂ ಇದೇ ಗಡಿಯಲ್ಲಿ ತೆಳುವಾಗುತ್ತದೆ. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ 350ಎ ಅನುಚ್ಛೇದ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣ ಕೊಡಲು ರಾಜ್ಯವೂ ಸ್ಥಳೀಯ ಸಂಸ್ಥೆಗಳೂ ಯತ್ನಿಸಬೇಕೆಂದು ಹೇಳುತ್ತದೆ; ಆದರೆ ಅದು ಹೇಳುವುದು ಪ್ರಾಥಮಿಕ ಹಂತವನ್ನು ಕುರಿತು ಮಾತ್ರ. ಅದಕ್ಕೂ ಮುಂಚೆ, 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಸೇರಿ, ಒಂದು ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಭಾಷೆಗೆ ಒಬ್ಬ ಶಿಕ್ಷಕನನ್ನು ಕೊಡಬೇಕೆಂದು ನಿರ್ಣಯಿಸಿದ್ದರು. 1961ರ ಮುಖ್ಯಮಂತ್ರಿಗಳ ಸಮ್ಮೇಳನದ ಕಾಲಕ್ಕೆ ಪ್ರೌಢಶಿಕ್ಷಣಕ್ಕೂ ಒಂದು ಅಳತೆ ಏರ್ಪಟ್ಟಿತು: ಮೇಲಿನ ನಾಲ್ಕು ತರಗತಿಗಳಲ್ಲಿ ಒಟ್ಟು 60, ಪ್ರತಿಯೊಂದು ತರಗತಿಯಲ್ಲಿ 15.

ಈ ಅಳತೆಗಳನ್ನು ರೂಪಿಸಿದವರ ಕಣ್ಣಮುಂದೆ ಇದ್ದುದು ಗಡಿ ಜಿಲ್ಲೆಗಳ ಚಿತ್ರ. ಅಕ್ಕಲಕೋಟೆಯ ಅಥವಾ ಜತ್ತಿನ ಒಂದು ಹಳ್ಳಿಯಲ್ಲಿ ಕನ್ನಡದ ಮಕ್ಕಳು ಒಂದೇ ಕಡೆ ಇರುತ್ತಾರೆ. ಅಲ್ಲಿ 15ನ್ನು ಎಣಿಸುವುದು ಕಷ್ಟವಲ್ಲ. ಮುಂಬಯಿಯ ಸ್ಥಿತಿ ಬೇರೆ. ಇಲ್ಲಿ ಕನ್ನಡಿಗರು ಬಹಳ ಮಂದಿ ಇದ್ದಾರೆ, ಆದರೆ ಎಲ್ಲಿಯೂ ಒಟ್ಟಾಗಿಲ್ಲ. ಅಂಧೇರಿಯ ಒಂದು ಶಾಲೆಯಲ್ಲಿ ಮೂವರು, ಮುಲುಂಡಿನ ಇನ್ನೊಂದರಲ್ಲಿ ಐವರು, ಬೋರಿವಲಿಯ ಮತ್ತೊಂದರಲ್ಲಿ ಇಬ್ಬರು ಎಂಬಂತೆ ಚದುರಿದ ಮಕ್ಕಳನ್ನು ಒಟ್ಟು ಕೂಡಿಸಿದರೆ ದೊಡ್ಡ ಸಂಖ್ಯೆಯಾಗಬಹುದು. ಶಾಲೆ ಶಾಲೆಗೆ ಎಣಿಸಿದರೆ ಎಲ್ಲೆಡೆಯೂ ಸೊನ್ನೆಯೇ ಉತ್ತರ.

ಈ ತೊಡಕನ್ನು ಹಿಂದಿನ ತಲೆಮಾರಿನವರು ಬಿಡಿಸಿದ ರೀತಿ ಮನನೀಯವಾದದ್ದು. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಲ್ಲಿ ಉಚಿತ ರಾತ್ರಿಶಾಲೆಯನ್ನು ತೆರೆಯಿತು. ಮುಂದೆ ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಪ್ರೌಢಶಾಲೆಯೇ ಮೊದಲಾದವು ಅದೇ ಹಾದಿಯಲ್ಲಿ ನಡೆದವು. ರಾತ್ರಿಶಾಲೆಯ ಕಲ್ಪನೆ ಮಹಾರಾಷ್ಟ್ರಕ್ಕೆ ಹೊಸದಾಗಿರಲಿಲ್ಲ, ಜೋತಿರಾವ್ ಫುಲೆಯವರು ಪುಣೆಯಲ್ಲಿ ದುಡಿಯುವವರಿಗಾಗಿ 1855ರಲ್ಲಿಯೇ ಅಂಥ ಶಾಲೆಯನ್ನು ನಡೆಸಿದ್ದರು, ಎನ್. ಎಂ. ಜೋಶಿಯವರು 1911ರಲ್ಲಿ ಸ್ಥಾಪಿಸಿದ ಸೋಶಿಯಲ್ ಸರ್ವಿಸ್ ಲೀಗ್ ಮುಂಬಯಿಯ ಕಾರ್ಮಿಕರಿಗಾಗಿ ಅದನ್ನು ಕೈಕೊಂಡಿತು. ಕನ್ನಡಿಗರು ಅದಕ್ಕೆ ಕೊಟ್ಟ ವಿಶೇಷವೆಂದರೆ ಭಾಷೆ. ಹಗಲು ಹೋಟೆಲಿನಲ್ಲಿ ಬಟ್ಟಲು ತೊಳೆದು, ಕಚೇರಿಗಳಲ್ಲಿ ಜವಾನನ ಕೆಲಸ ಮಾಡಿ, ಸಂಜೆ ಮೂರು ಗಂಟೆಗಳ ಕಾಲ ಬೆಂಚಿನ ಮೇಲೆ ಕುಳಿತು ಮೆಟ್ರಿಕ್ ಪರೀಕ್ಷೆಯನ್ನು ಕಟ್ಟಿದ ಹುಡುಗರಿಂದಲೇ ಈ ನಗರದ ಕನ್ನಡ ಮಧ್ಯಮವರ್ಗದ ಒಂದು ದೊಡ್ಡ ಪಾಲು ಮೂಡಿಬಂದಿತು.

ಇದನ್ನು ತ್ಯಾಗದ ಕಥೆಯೆಂದು ಹೇಳುವುದು ವಾಡಿಕೆ. ತ್ಯಾಗವಿದ್ದದ್ದು ನಿಜ, ಆದರೆ ಅದರ ಯಶಸ್ಸಿಗೆ ಬೇರೊಂದು ಕಾರಣವೂ ಇತ್ತು. ರಾತ್ರಿಶಾಲೆ ವಿದ್ಯಾರ್ಥಿಗಳನ್ನು ವಾಸಸ್ಥಳದಿಂದಲ್ಲ, ಕೆಲಸದ ಸ್ಥಳದಿಂದ ಸೆಳೆದುಕೊಂಡಿತು. ಕೋಟೆ ಪ್ರದೇಶದ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿದು ಅಲ್ಲಿಯೇ ಮಲಗುತ್ತಿದ್ದ ಹುಡುಗರು ನಡೆದು ಬರುವಷ್ಟು ಸಮೀಪದಲ್ಲಿ ಶಾಲೆ ಇತ್ತು. ನಿಯಮ ಬೇಡುವ ಸಂಖ್ಯೆ ತಾನಾಗಿಯೇ ಒಂದು ಛಾವಣಿಯ ಕೆಳಗೆ ಕೂಡಿತು. ಆ ಹುಡುಗರು ಸಂಸಾರಸ್ಥರಾಗಿ ಉಪನಗರಗಳಿಗೆ ಸರಿದಾಗ ಭಾಷೆಯ ಮೇಲಿನ ಪ್ರೀತಿ ಅವರೊಡನೆ ಹೋಯಿತು, ಸಂಖ್ಯೆಯ ಈ ಅನುಕೂಲ ಹೋಗಲಿಲ್ಲ. ಅವರ ಮಕ್ಕಳು ಹಗಲುಶಾಲೆಯ ಮಕ್ಕಳು. ಮನೆಗೆ ಹತ್ತಿರದ ಶಾಲೆಯ ಮಕ್ಕಳು. ಬಹುಮಟ್ಟಿಗೆ ಇಂಗ್ಲಿಷ್ ಮಾಧ್ಯಮದ ಮಕ್ಕಳು.

ಈ ಕೊನೆಯ ಸಂಗತಿಯನ್ನು ಕುರಿತು ವಿಷಾದಿಸಿ ಫಲವಿಲ್ಲ. ಕರ್ನಾಟಕ ಸರಕಾರವೇ ತನ್ನ ರಾಜ್ಯದೊಳಗೆ ಪ್ರಾಥಮಿಕ ಶಿಕ್ಷಣವನ್ನು ಮಾತೃಭಾಷೆಯ ಮಾಧ್ಯಮದಲ್ಲಿಯೇ ಕೊಡಬೇಕೆಂದು ವಿಧಿಸಹೊರಟಾಗ, ಮಾಧ್ಯಮದ ಆಯ್ಕೆ ಪಾಲಕರಿಗೂ ಮಕ್ಕಳಿಗೂ ಸೇರಿದ್ದೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೀರ್ಪಿತ್ತಿತು. ಬೆಂಗಳೂರಿನಲ್ಲಿ ಸಾಧ್ಯವಾಗದ ಕಡ್ಡಾಯವನ್ನು ಮುಂಬಯಿಯಲ್ಲಿ ನಿರೀಕ್ಷಿಸುವುದು ವ್ಯರ್ಥ. ಮುಂಬಯಿ ಪಾಲಿಕೆಯೂ 2020ರಿಂದ ‘ಮುಂಬಯಿ ಪಬ್ಲಿಕ್ ಸ್ಕೂಲ್’ ಎಂಬ ಹೆಸರಿನಲ್ಲಿ ಸಿಬಿಎಸ್‌ಇ, ಐಸಿಎಸ್‌ಇ ಮಂಡಲಗಳ ಇಂಗ್ಲಿಷ್ ಮಾಧ್ಯಮದ ಶಾಲೆಗಳನ್ನು ತೆರೆಯತೊಡಗಿತು. ಇರುವ ಕನ್ನಡ ಮಾಧ್ಯಮದ ಶಾಲೆಗಳನ್ನು ಉಳಿಸಿಕೊಳ್ಳುವುದು ಅಗತ್ಯವೇ. ಆದರೆ ಅಧಿಕಸಂಖ್ಯೆಯ ಮಕ್ಕಳ ಪಾಲಿಗೆ ಕನ್ನಡವು ಮಾಧ್ಯಮವಾಗಿ ಅಲ್ಲ, ಪಠ್ಯವಿಷಯವಾಗಿ ದೊರೆಯುತ್ತದೆಯೇ ಎಂಬುದೇ ಇಂದಿನ ಪ್ರಶ್ನೆ.

ಪಠ್ಯವಿಷಯಕ್ಕೆ ವೇಳಾಪಟ್ಟಿಯಲ್ಲಿ ಎಡೆ ಬೇಕು. ಮಹಾರಾಷ್ಟ್ರದಲ್ಲಿ ಮರಾಠಿಯನ್ನು ಕಲಿಯುವುದು ಕಡ್ಡಾಯ. ಗುಜರಾತಿ ಅಲ್ಪಸಂಖ್ಯಾತರ ಶಾಲೆಗಳ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ಈ ನೀತಿಯನ್ನು ಎತ್ತಿಹಿಡಿಯಿತು. 2020ರ ಕಾನೂನು ಅದನ್ನು ಎಲ್ಲ ಮಂಡಲಗಳ ಶಾಲೆಗಳಿಗೂ ವಿಸ್ತರಿಸಿತು. ನೆಲದ ಭಾಷೆಯನ್ನು ಕಲಿಯುವುದರಲ್ಲಿ ಕನ್ನಡಿಗನಿಗೆ ಆಕ್ಷೇಪವಿರಬೇಕಾದ್ದಿಲ್ಲ. ಕರ್ನಾಟಕದಲ್ಲಿ ಪರಭಾಷಿಕರಿಂದ ಅವನು ಅಪೇಕ್ಷಿಸುವುದೂ ಅದನ್ನೇ. ಇಂಗ್ಲಿಷ್, ಮರಾಠಿಗಳ ಬಳಿಕ ಉಳಿಯುವುದು ಮೂರನೆಯ ಸ್ಥಾನ ಒಂದೇ; ಅದು ರೂಢಿಯಿಂದ ಹಿಂದಿಗೆ ಸಲ್ಲುತ್ತದೆ.

ಈ ಮೂರನೆಯ ಸ್ಥಾನದ ಬಗೆಗೆ 2025ರಲ್ಲಿ ದೊಡ್ಡ ವಿವಾದವೆದ್ದಿತು. ಆ ವರ್ಷದ ಏಪ್ರಿಲ್‌ನಲ್ಲಿ ರಾಜ್ಯ ಸರಕಾರ ಮರಾಠಿ ಮತ್ತು ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಒಂದನೆಯ ಇಯತ್ತೆಯಿಂದ ಹಿಂದಿಯನ್ನು ಮೂರನೆಯ ಭಾಷೆಯನ್ನಾಗಿ ವಿಧಿಸಿತು. ಜೂನ್ 17ರ ಪರಿಷ್ಕೃತ ಆದೇಶ, ಒಂದು ತರಗತಿಯಲ್ಲಿ ಕನಿಷ್ಠ 20 ಮಕ್ಕಳು ಬಯಸಿದರೆ ಹಿಂದಿಯ ಬದಲು ಬೇರೊಂದು ಭಾರತೀಯ ಭಾಷೆಯನ್ನು ಕಲಿಸಬಹುದೆಂದು ಹೇಳಿತು. ಜೂನ್ 29ರಂದು ಆದೇಶಗಳೆರಡೂ ಹಿಂದೆಗೆಯಲ್ಪಟ್ಟವು. ಹಿಂದಿಯ ಪರವಿರೋಧಗಳ ಗದ್ದಲದಲ್ಲಿ ಆ 20ರ ಅಂಕಿ ಹೆಚ್ಚು ಚರ್ಚೆಗೆ ಬರಲಿಲ್ಲ. ಕನ್ನಡಿಗರಿಗೆ ಮುಖ್ಯವಾದದ್ದು ಅದೇ. 1949ರ ಹತ್ತು, 1961ರ ಹದಿನೈದು, 2025ರ ಇಪ್ಪತ್ತು: ಅಳತೆ ಏರುತ್ತ ಬಂದಿದೆ, ಮಕ್ಕಳು ಚದುರುತ್ತ ಹೋಗಿದ್ದಾರೆ.

ಇಷ್ಟಾದರೂ ಬಾಗಿಲುಗಳು ಮುಚ್ಚಿಲ್ಲ. ರಾಜ್ಯ ಮಂಡಲದ ಎಸ್‌ಎಸ್‌ಸಿ ಪರೀಕ್ಷೆಯಲ್ಲಿ ಕನ್ನಡಕ್ಕೆ ಸ್ಥಾನವಿದೆ. ಸಿಬಿಎಸ್‌ಇಯಲ್ಲಿ ಅದನ್ನು ಭಾಷಾವಿಷಯವಾಗಿಯೂ ಆರನೆಯ ಹೆಚ್ಚಿನ ವಿಷಯವಾಗಿಯೂ ತೆಗೆದುಕೊಳ್ಳಬಹುದು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಪಟ್ಟಿಯಲ್ಲಿಯೂ ಕನ್ನಡವುಂಟು. 1967ರಲ್ಲಿ ಸ್ಥಾಪಿತವಾದ ‘ಬಾಲಭಾರತಿ’ ಕನ್ನಡದ ಪಠ್ಯಪುಸ್ತಕಗಳನ್ನು ಅಚ್ಚುಹಾಕುತ್ತ ಬಂದಿದೆ. ಸೋಲಾಪುರ, ಸಾಂಗ್ಲಿ ಜಿಲ್ಲೆಗಳ ಕನ್ನಡ ಶಾಲೆಗಳ ದೆಸೆಯಿಂದ ನಡೆಯುವ ಈ ಕಾರ್ಯದ ಫಲ ಮುಂಬಯಿಗೂ ಸಲ್ಲುತ್ತದೆ. ಪರೀಕ್ಷೆ ಇದೆ, ಪುಸ್ತಕವಿದೆ, ಇಲ್ಲದ್ದು ಶಿಕ್ಷಕ. ಅನುದಾನಿತ ಶಾಲೆಗಳಲ್ಲಿ ಶಿಕ್ಷಕರ ಹುದ್ದೆಗಳನ್ನು ಮಕ್ಕಳ ಸಂಖ್ಯೆಯನ್ನು ನೋಡಿ ಮಂಜೂರು ಮಾಡುತ್ತಾರೆ. ಸಂಖ್ಯೆ ಇಳಿದರೆ ಹುದ್ದೆ ಹೋಗುತ್ತದೆ. ಹುದ್ದೆ ಹೋದರೆ ವಿಷಯ ಹೋಗುತ್ತದೆ. ವಿಷಯ ಹೋದಲ್ಲಿಗೆ ಮಕ್ಕಳು ಮರಳಿ ಬರುವುದಿಲ್ಲ.

ಚದುರಿದ ಮಕ್ಕಳನ್ನು ಕೂಡಿಸುವ ಈ ಸಮಸ್ಯೆ ವಲಸಿಗರು ನೆಲೆಸಿದ ಬೇರೆ ನಗರಗಳಿಗೂ ಎದುರಾಗಿದೆ. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯ ಅದಕ್ಕೆ ಕಂಡುಕೊಂಡ ಪರಿಹಾರ ಇಲ್ಲಿ ಉಪಯುಕ್ತವಾದೀತು. ಅಲ್ಲಿ 1935ರಲ್ಲಿ ಮೆಲ್ಬರ್ನ್ ನಗರದಲ್ಲಿ ಜಪಾನಿ, ಇಟಾಲಿಯನ್ ಭಾಷೆಗಳ ಶನಿವಾರದ ತರಗತಿಗಳು ಆರಂಭವಾದವು. ಅದೇ ಬೆಳೆದು ‘ವಿಕ್ಟೋರಿಯನ್ ಸ್ಕೂಲ್ ಆಫ್ ಲ್ಯಾಂಗ್ವೇಜಸ್’ ಎಂಬ ಸರಕಾರಿ ಶಾಲೆಯಾಗಿದೆ. ತಮ್ಮ ಶಾಲೆಯಲ್ಲಿ ದೊರೆಯದ ಭಾಷೆಯನ್ನು ಮಕ್ಕಳು ಶನಿವಾರ ಅಲ್ಲಿಗೆ ಹೋಗಿ ಕಲಿಯುತ್ತಾರೆ. ಆ ಕಲಿಕೆ ಅವರ ಶಾಲಾಂತ ಪ್ರಮಾಣಪತ್ರಕ್ಕೆ ಲೆಕ್ಕವಾಗುತ್ತದೆ. ಎಣಿಕೆಯ ಘಟಕ ಒಂದು ಶಾಲೆಯಲ್ಲ, ಒಂದು ಪ್ರದೇಶ ಎಂಬುದು ಅದರ ಸಾರ.

ಮುಂಬಯಿಯಲ್ಲಿ ಇದಕ್ಕೆ ಬೇಕಾದ ಕಟ್ಟಡಗಳಿವೆ. ವಡಾಲದ ನ್ಯಾಷನಲ್ ಕನ್ನಡ ಎಜ್ಯುಕೇಶನ್ ಸೊಸೈಟಿ, ಚೆಂಬೂರು ಕರ್ನಾಟಕ ಸಂಘ, ಡೊಂಬಿವಲಿ ಕರ್ನಾಟಕ ಸಂಘ, ಬಂಟರ ಸಂಘ ಮೊದಲಾದ ಸಂಸ್ಥೆಗಳು ನಗರದ ಬೇರೆ ಬೇರೆ ದಿಕ್ಕುಗಳಲ್ಲಿ ವಿದ್ಯಾಲಯಗಳನ್ನು ಕಟ್ಟಿವೆ. ಒಂದೊಂದು ಉಪನಗರ ಮಾರ್ಗಕ್ಕೆ ಒಂದೊಂದು ಶನಿವಾರದ ಕೇಂದ್ರ. ಅದಕ್ಕೆ ಸಂಘಗಳೆಲ್ಲ ಕೂಡಿ ನೇಮಿಸಿದ ಒಬ್ಬ ಅರ್ಹ ಶಿಕ್ಷಕ. ಅಲ್ಲಿ ಕಲಿತದ್ದು ಪರೀಕ್ಷೆಯಲ್ಲಿ ಅಂಕವಾಗಿ ಸಲ್ಲುವಂತೆ ಮಂಡಲಗಳ ಅನುಮತಿ. ಪಾಲಿಕೆಯ ಶಾಲೆಗಳ ಮಕ್ಕಳಿಗೂ ಅಲ್ಲಿ ಉಚಿತ ಪ್ರವೇಶ. ಎಸ್‌ಎಸ್‌ಸಿಯಲ್ಲಿ ಹಿಂದಿ, ಸಂಸ್ಕೃತಗಳು ಐವತ್ತೈವತ್ತು ಅಂಕಗಳ ಸಂಯುಕ್ತ ವಿಷಯವಾಗಿ ಒಂದೇ ಸ್ಥಾನವನ್ನು ಹಂಚಿಕೊಂಡಿರುವ ಮಾದರಿಯೂ ಕಣ್ಣಮುಂದಿದೆ. ಇಂಗ್ಲಿಷ್ ಮಾಧ್ಯಮದ ಮಗುವಿಗೆ ಕನ್ನಡವನ್ನು ಇದೇ ಅರ್ಧಭಾರದ ವಿಷಯವಾಗಿ ಕಲಿಸಿದರೆ ಪಾಲಕರ ಹಿಂಜರಿಕೆ ಕಡಿಮೆಯಾದೀತು.

ಆದರೆ ಸರಕಾರಕ್ಕೆ ಮನವಿ ಬರೆಯುವ ಮೊದಲು ಮಾಡತಕ್ಕ ಕೆಲಸವೊಂದಿದೆ. ಕನ್ನಡಿಗರ ಶಿಕ್ಷಣಸಂಸ್ಥೆಗೆ ಭಾಷಾ ಅಲ್ಪಸಂಖ್ಯಾತರ ಸಂಸ್ಥೆಯೆಂಬ ಮಾನ್ಯತೆ ದೊರೆಯುವುದು ಕನ್ನಡ ಭಾಷೆಯ ಬಲದಿಂದ. ಆ ಭಾಷೆಯೇ ಅದರ ವೇಳಾಪಟ್ಟಿಯಲ್ಲಿ ಇಲ್ಲದಿದ್ದರೆ ಆ ಮಾನ್ಯತೆಗೆ ಅರ್ಥವೇನು? ಕನ್ನಡಿಗರು ನಡೆಸುವ ಪ್ರತಿಯೊಂದು ಇಂಗ್ಲಿಷ್ ಮಾಧ್ಯಮದ ಪ್ರೌಢಶಾಲೆಯೂ ಕನ್ನಡವನ್ನು ಐಚ್ಛಿಕ ವಿಷಯವಾಗಿ ತೆರೆದು, ಬಯಸಿದ ಮಕ್ಕಳ ಹೆಸರನ್ನು ವರ್ಷವರ್ಷ ದಾಖಲಿಸಿಟ್ಟರೆ, ನೀತಿ ಕೇಳುವ ಸಂಖ್ಯೆ ಮೊದಲ ಸಲ ಕಾಗದದ ಮೇಲೆ ಕಾಣಿಸಿಕೊಳ್ಳುತ್ತದೆ. ತುಳು ಮಾತಾಡುವ ಮನೆಯ ಮಗು ಜನಗಣತಿಯಲ್ಲಿ ಕನ್ನಡದ ಲೆಕ್ಕಕ್ಕೆ ಬಾರದಿದ್ದರೂ ಈ ದಾಖಲೆಯಲ್ಲಿ ಬಂದೀತು. 1908ರಲ್ಲಿ ಮೀನುಗಾರರ ಒಂದು ಸಮಾಜ, ಸರಕಾರದ ಅಳತೆಗಳಿಗೆ ಕಾಯದೆ, ಮಕ್ಕಳು ಇರುವಲ್ಲಿಗೆ ಶಾಲೆಯನ್ನು ಒಯ್ದಿತು. ಆ ಮಕ್ಕಳ ಮೊಮ್ಮಕ್ಕಳು ಇಂದು ಉಪನಗರಗಳಲ್ಲಿದ್ದಾರೆ. ಶಾಲೆ ಈಗ ಅಲ್ಲಿಗೆ ಹೋಗಬೇಕಾಗಿದೆ.